ಮಳೆಮಾಪಕ ಯಾಕೆ ಕಡಿಮೆ ತೋರಿಸುತ್ತದೆ?

ಮಳೆ ಅಳೆಯುವಾಗ ಆಗುವ ತಪ್ಪುಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದರಿಂದ ಅಳತೆ ಹೆಚ್ಚುತ್ತದೆಯೋ, ತಗ್ಗುತ್ತದೆಯೋ? ಬಹುತೇಕ ತಗ್ಗುತ್ತದೆ. ಅದಕ್ಕೇ ಎಷ್ಟು ವರ್ಷದ ಸರಾಸರಿ ತೆಗೆದರೂ ಈ ಕೊರತೆ ಹೋಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಗಾಳಿ. ಮಾಪಕವೇ ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿ ಅದರ ಬಾಯಿಯ ಮೇಲೆ ಎದ್ದು ಜೋರಾಗಿ ಹಾಯುತ್ತದೆ, ಸಣ್ಣ ಹನಿಗಳನ್ನು ಆಚೆಗೆ ಒಯ್ಯುತ್ತದೆ. ಮಳೆಯಲ್ಲಿ ಈ ನಷ್ಟ ಸಾಮಾನ್ಯವಾಗಿ ಶೇ. 2ರಿಂದ 10. ಹಿಮದಲ್ಲಿ ಇನ್ನೂ ಬಹಳ ಜಾಸ್ತಿ. 1766-67ರಲ್ಲಿ ಇಂಗ್ಲಿಷ್ ವೈದ್ಯ ವಿಲಿಯಂ ಹೆಬರ್ಡನ್ ಲಂಡನ್ನಿನಲ್ಲಿ ಮೂರು ಎತ್ತರಗಳಲ್ಲಿ ಮಾಪಕ ಇಟ್ಟರು. ವರ್ಷದ ಮಳೆ ನೆಲದ ಹತ್ತಿರ ಸುಮಾರು 22.6 ಇಂಚು, ಮನೆಯ ಮೇಲೆ 18.1, ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಎತ್ತರದ ಚರ್ಚಿನ ಮೇಲೆ ಬರೀ 12.1! ಇದು ಗಾಳಿಯ ಕೆಲಸ ಎಂದು ಇಂಗ್ಲಿಷ್ ವಿದ್ವಾಂಸ ಡಬ್ಲ್ಯು. ಎಸ್. ಜೆವನ್ಸ್ ವಿವರಿಸಿದ್ದು 1861ರಲ್ಲಿ.

ಹಾಗಾದರೆ ಬಾಯಿಯನ್ನು ನೆಲಕ್ಕೆ ತಂದರಾಯ್ತು ಅಲ್ವಾ? ಆಗ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬರುತ್ತದೆ, ಅಳತೆ ಏರುತ್ತದೆ. ಗುಂಡಿಯಲ್ಲಿ ಮಾಪಕ ಇಟ್ಟು, ಸುತ್ತ ಸಿಡಿತ ತಡೆಯುವ ಜಾಲರಿ ಹಾಕುವುದು ಒಳ್ಳೆಯ ದಾರಿ. ಹೋಲಿಕೆಗೆ ಇದನ್ನೇ ಮಾನದಂಡವಾಗಿ ಬಳಸುತ್ತಾರೆ.

ಒಳಗೋಡೆಗೆ ಅಂಟಿದ ನೀರು ಅಳತೆಗೆ ಸಿಗುವುದಿಲ್ಲ. ತುಂತುರು ಬಂದು, ನಿಂತು, ಒಣಗಿ, ಮತ್ತೆ ಬಂದರೆ ಪ್ರತಿ ಸಲವೂ ಈ ನಷ್ಟ ಕೂಡುತ್ತದೆ. ಸಂಗ್ರಹವಾದ ನೀರು ಆವಿಯಾಗುವುದು ಇದರ ಜೊತೆಗೆ.

ಟಿಪ್ಪಿಂಗ್ ಬಕೆಟ್ ಮಾಪಕದಲ್ಲಿ ಏತದಂತೆ ಜೋಡಿಸಿದ ಎರಡು ಪುಟ್ಟ ಬಕೆಟ್‌ಗಳಿರುತ್ತವೆ; ಒಂದು ತುಂಬಿ ಮಗುಚಿದಾಗಲೆಲ್ಲ ಒಂದು ಎಣಿಕೆ. ಇದರಲ್ಲಿ ಬೇರೆಯದೇ ತೊಂದರೆ. ಬಿರುಮಳೆಯಲ್ಲಿ ಬಕೆಟ್ ಮಗುಚುವಷ್ಟರಲ್ಲೇ ನೀರು ಸುರಿಯುತ್ತಿರುತ್ತದೆ. ಆ ನೀರು ತುಂಬಿದ ಬಕೆಟ್ಟಿಗೇ ಬಿದ್ದು ಲೆಕ್ಕ ತಪ್ಪುತ್ತದೆ. ಎಲೆ ಸಿಕ್ಕಿ ಆಲಿಕೆ ಅರ್ಧ ಕಟ್ಟಿಕೊಂಡರೆ ಮಳೆ ನಿಂತ ಮೇಲೂ ಬಕೆಟ್ ನಿಧಾನವಾಗಿ ಮಗುಚುತ್ತಲೇ ಇರುತ್ತದೆ. ದಾಖಲೆಯಲ್ಲಿ ಇಂಥ ಉದ್ದ ಬಾಲ ಕಂಡರೆ ಮೊದಲು ಆಲಿಕೆ ನೋಡಿ.

ಅಳತೆ ಜಾಡಿಯ ಮಿ.ಮೀ. ಗೆರೆಗಳು ಅದರದೇ ಮಾಪಕದ ಬಾಯಿಗೆ ತಕ್ಕಂತೆ ಇರುತ್ತವೆ, ಹಾಗಾಗಿ ಜಾಡಿ ಅದಲುಬದಲಾಗುವುದನ್ನೂ ಹಗುರವಾಗಿ ನೋಡಬೇಡಿ. ಬಾಯಿ 200 ಚದರ ಸೆಂ.ಮೀ. ಇದ್ದರೆ 1 ಮಿ.ಮೀ. ಮಳೆ ಅಂದರೆ 20 ಮಿ.ಲೀ. ನೀರು. 100 ಚದರ ಸೆಂ.ಮೀ. ಮಾಪಕದ ಜಾಡಿಯಲ್ಲಿ ಅದೇ ನೀರು 2 ಮಿ.ಮೀ. ಎಂದು ಓದುತ್ತದೆ.

ಕೊನೆಯದು ಜಾಗದ ಪ್ರಶ್ನೆ. 100 ಚದರ ಕಿ.ಮೀ.ಗೆ 200 ಚದರ ಸೆಂ.ಮೀ. ಬಾಯಿಯ ಒಂದೇ ಮಾಪಕ ಇದ್ದರೆ, ಅದರ ಬಾಯಿ ಆ ಪ್ರದೇಶದ 500 ಕೋಟಿಯಲ್ಲಿ ಒಂದು ಪಾಲು. ಪಕ್ಕದಲ್ಲೇ ಸುರಿದ ಗುಡುಗು ಮಳೆ ಅದಕ್ಕೆ ಗೊತ್ತೇ ಆಗದಿರಬಹುದು. ಮಾಪಕಗಳನ್ನು ಹೆಚ್ಚಿಸಿದರೆ ಈ ತಪ್ಪು ಇಳಿಯುತ್ತದೆ, ಆದರೆ ಗಾಳಿಯಿಂದಾದ ಕೊರತೆ ಎಲ್ಲದರಲ್ಲೂ ಹಾಗೇ ಉಳಿಯುತ್ತದೆ.