ಡೌನಿಂಗ್ ಸ್ಟ್ರೀಟಿನವರ ಆಯುಸ್ಸಿನ ಲೆಕ್ಕ

ಪಿಂಚಣಿ ನಿಧಿಗಳ ಹೊಣೆಗಾರಿಕೆಯನ್ನು ಲೆಕ್ಕ ಹಾಕಿ ಕೊಡುವುದು ನನ್ನ ವೃತ್ತಿ. ಆಕ್ಚುವರಿ ಎಂದು ಕರೆಯಲಾಗುವ ನಮ್ಮ ಎದುರು ದಿನವೂ ಬಂದು ನಿಲ್ಲುವ ಪ್ರಶ್ನೆ ಒಂದೇ: ಈಗ ಬದುಕಿರುವ ಇವರು ಇನ್ನೆಷ್ಟು ವರ್ಷ ಬದುಕಿಯಾರು? ಕೆಲವು ತಿಂಗಳ ಹಿಂದೆ ಒಂದು ಸಂಸ್ಥೆಯ ಪಿಂಚಣಿ ಟ್ರಸ್ಟಿನ ಲೆಕ್ಕಾಧಿಕಾರಿ ಬಂದು, ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟರು. ಪಿಂಚಣಿ ಪಡೆಯುತ್ತಿದ್ದು ತೀರಿಕೊಂಡವರ ಹೆಸರು, ಹುಟ್ಟಿದ ದಿನ, ಸತ್ತ ದಿನ ಎಲ್ಲವೂ ಅದರಲ್ಲಿ ಅಂದವಾದ ಅಕ್ಷರದಲ್ಲಿದ್ದವು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಸರಾಸರಿ ತೆಗೆದಿದ್ದರು. “ಸರ್, ನಮ್ಮಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು ಎಪ್ಪತ್ತು ಕೂಡ ದಾಟಿಲ್ಲ. ನೀವು ನೋಡಿದರೆ ಎಂಬತ್ತು, ಎಂಬತ್ತೈದರವರೆಗೆ ದುಡ್ಡು ತೆಗೆದಿಡಿ ಎನ್ನುತ್ತೀರಿ. ಇದು ಹೇಗೆ?” ಎಂದು ಕೇಳಿದರು.

ಅವರ ಕೂಡುವಿಕೆ ಸರಿಯಾಗಿತ್ತು, ಭಾಗಾಕಾರವೂ ಸರಿಯಾಗಿತ್ತು. ಆದರೆ ಆ ರಿಜಿಸ್ಟರಿನಲ್ಲಿ ಬದುಕಿದ್ದವರ ಹೆಸರೇ ಇರಲಿಲ್ಲ. ಇದನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಜನರಿಗೆ ಮನದಟ್ಟಾಗುವುದು ಕಷ್ಟವೆಂದು ನಾನು ಬಹಳ ವರ್ಷಗಳಿಂದ ಮೇಜಿನ ಡ್ರಾಯರಿನಲ್ಲಿ ಒಂದು ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಅದು ಬ್ರಿಟನ್ನಿನ ಪ್ರಧಾನಿಗಳ ಪಟ್ಟಿ. ನಮ್ಮ ಕಚೇರಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೂ ಮೊದಲು ಇದನ್ನೇ ಕೊಡುತ್ತೇನೆ. 1721ರಲ್ಲಿ ಅಧಿಕಾರಕ್ಕೆ ಬಂದ ರಾಬರ್ಟ್ ವಾಲ್‌ಪೋಲ್‌ನಿಂದ ಇಂದಿನವರೆಗೆ ಮುನ್ನೂರು ವರ್ಷಗಳ ಅವಧಿ, ಅರುವತ್ತಕ್ಕಿಂತ ಕಡಿಮೆ ಹೆಸರುಗಳು; ಯಾರು ಯಾವ ದಿನ ಅಧಿಕಾರ ವಹಿಸಿಕೊಂಡರು, ಯಾವ ದಿನ ತೀರಿಕೊಂಡರು ಎಂಬುದರಲ್ಲಿ ಹೆಚ್ಚಿನ ಗೊಂದಲವಿಲ್ಲ. ಆಯುಸ್ಸಿನ ಲೆಕ್ಕದಲ್ಲಿ ಪಟ್ಟಿಯ ಒಂದು ತುದಿಯಲ್ಲಿ 1764ರಲ್ಲಿ 44ನೆಯ ವಯಸ್ಸಿಗೇ ಕಣ್ಣುಮುಚ್ಚಿದ ಡೆವನ್‌ಶೈರಿನ ನಾಲ್ಕನೆಯ ಡ್ಯೂಕ್ ಇದ್ದಾನೆ. ಇನ್ನೊಂದು ತುದಿಯಲ್ಲಿ 2005ರ ಮಾರ್ಚ್ 26ರಂದು, 93 ತುಂಬಲು ಒಂದೇ ದಿನ ಬಾಕಿಯಿದ್ದಾಗ ನಿಧನರಾದ ಜೇಮ್ಸ್ ಕ್ಯಾಲಹನ್ ಇದ್ದಾರೆ. ಆಕ್ಚುವರಿ ಎಂಬ ಪದವಿಯ ಹೆಸರು ಮೊದಲು ಬಳಕೆಗೆ ಬಂದದ್ದು 1762ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಇಕ್ವಿಟಬಲ್ ಎಂಬ ಜೀವ ವಿಮಾ ಸಂಘದಲ್ಲಿ. ಹಾಗಾಗಿ ಈ ಪಟ್ಟಿಯೂ ನಮ್ಮ ವಿದ್ಯೆಯೂ ಒಂದೇ ಊರಿನಲ್ಲಿ ಬೆಳೆದವು ಎನ್ನಬಹುದು.

ಪಟ್ಟಿಯನ್ನು ಕೈಗೆ ಕೊಟ್ಟ ಕೂಡಲೇ ಹೆಚ್ಚಿನವರು ಮಾಡುವ ತಪ್ಪೊಂದಿದೆ. 1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗಂಡು ಮಗುವಿನ ನಿರೀಕ್ಷಿತ ಆಯುಷ್ಯ ಸುಮಾರು 40 ವರ್ಷ. ಅದೇ ಕಾಲದ ಪ್ರಧಾನಿಗಳಲ್ಲಿ ಮೆಲ್ಬರ್ನ್ 69, ವೆಲಿಂಗ್ಟನ್ 83, ಕುದುರೆಯಿಂದ ಬಿದ್ದು ಸತ್ತ ರಾಬರ್ಟ್ ಪೀಲ್ ಕೂಡ 62 ವರ್ಷ ಬದುಕಿದರು. ಇಷ್ಟು ನೋಡಿದವರು, ಅಧಿಕಾರವೆಂಬುದು ಆಯುಸ್ಸನ್ನು ದುಪ್ಪಟ್ಟು ಮಾಡುತ್ತದೆ ಎಂದು ಹೇಳಿಬಿಡುತ್ತಾರೆ. ಆದರೆ ಆ 40 ಎಂಬ ಅಂಕಿಯನ್ನು ಕೆಳಗೆ ಎಳೆದದ್ದು ಮಕ್ಕಳ ಸಾವು. ಆ ಕಾಲದ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಮೊದಲ ಹುಟ್ಟುಹಬ್ಬವನ್ನೇ ಕಾಣುತ್ತಿರಲಿಲ್ಲ. ತೊಟ್ಟಿಲಲ್ಲಿ ಸತ್ತವರಾರೂ ಪ್ರಧಾನಿಯಾಗುವುದಿಲ್ಲವಾದ್ದರಿಂದ, ಹುಟ್ಟಿನಿಂದ ಎಣಿಸಿದ ಆಯುಷ್ಯವನ್ನು ಪ್ರಧಾನಿಗಳ ಪಕ್ಕದಲ್ಲಿಟ್ಟು ನೋಡುವುದಕ್ಕೆ ಅರ್ಥವಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಕಿರಿಯ ಪಿಟ್ 1783ರ ಡಿಸೆಂಬರಿನಲ್ಲಿ 24ನೆಯ ವಯಸ್ಸಿಗೆ ಪ್ರಧಾನಿಯಾದ; 1806ರ ಜನವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ 46ನೆಯ ವಯಸ್ಸಿನಲ್ಲಿ ಸತ್ತ. ಪಾಮರ್‌ಸ್ಟನ್ 1855ರಲ್ಲಿ ಮೊದಲ ಸಲ ಪ್ರಧಾನಿಯಾದಾಗ ಅವನಿಗೆ 70 ತುಂಬಿತ್ತು. 81ನೆಯ ಹುಟ್ಟುಹಬ್ಬಕ್ಕೆ ಎರಡು ದಿನವಿದ್ದಾಗ, 1865ರ ಅಕ್ಟೋಬರಿನಲ್ಲಿ ಅವನೂ ಅಧಿಕಾರದಲ್ಲಿದ್ದಾಗಲೇ ಸತ್ತ. ಪಿಟ್‌ನನ್ನು ಅಧಿಕಾರ ಸವೆಸಿತು, ಪಾಮರ್‌ಸ್ಟನ್‌ನನ್ನು ಪೊರೆಯಿತು ಎನ್ನೋಣವೇ? ಎಪ್ಪತ್ತಕ್ಕೆ ಕುರ್ಚಿ ಹಿಡಿದವನಿಗೆ ನಲವತ್ತಾರಕ್ಕೆ ಸಾಯುವ ದಾರಿಯೇ ಇರಲಿಲ್ಲ. ಕುರ್ಚಿಗೆ ಬರುವ ಮೊದಲಿನ ವರ್ಷಗಳಲ್ಲಿ ಸಾವು ಅವನನ್ನು ಬಿಟ್ಟಿತ್ತೆಂಬ ಕಾರಣಕ್ಕೇ ಅವನ ಹೆಸರು ಪಟ್ಟಿಯಲ್ಲಿದೆ. ಆ ವರ್ಷಗಳ ಯಶಸ್ಸನ್ನು ಕುರ್ಚಿಯ ಖಾತೆಗೆ ಜಮಾ ಮಾಡುವಂತಿಲ್ಲ. ಅಧಿಕಾರ ವಹಿಸಿಕೊಂಡ ದಿನದಿಂದಲೇ ಎಣಿಕೆ ಶುರುವಾಗಬೇಕು. ಬ್ರಿಟನ್ನಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ದುಡಿದ ವಿಲಿಯಂ ಫಾರ್ 19ನೆಯ ಶತಮಾನದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದ. ಬಿಷಪ್ಪರೂ ಸೇನಾಪತಿಗಳೂ ಕಿರಿಯ ಪಾದ್ರಿಗಳಿಗಿಂತ, ಕಿರಿಯ ಅಧಿಕಾರಿಗಳಿಗಿಂತ ಹೆಚ್ಚಿನ ವಯಸ್ಸಿನಲ್ಲಿ ಸಾಯುತ್ತಾರೆ. ಅಷ್ಟಕ್ಕೇ ಕಿರಿಯರನ್ನೆಲ್ಲ ಬಡ್ತಿ ಕೊಟ್ಟು ಬದುಕಿಸಲು ಹೊರಟರೆ ಆಗುತ್ತದೆಯೇ ಎಂಬುದು ಅವನ ವಾದದ ತಿರುಳು.

ಈ ಮಾತು ಬರಿಯ ತರ್ಕವಲ್ಲವೆಂದು ತೋರಿಸಲು ಎರಡು ಹೆಸರುಗಳು ಸಾಕು, ಎರಡೂ ಪಟ್ಟಿಯಲ್ಲಿಲ್ಲದವು. ಲೇಬರ್ ಪಕ್ಷದ ನಾಯಕ ಹ್ಯೂ ಗೇಟ್‌ಸ್ಕೆಲ್ 1963ರ ಜನವರಿಯಲ್ಲಿ 56ನೆಯ ವಯಸ್ಸಿಗೆ ತೀರಿಕೊಂಡರು. ಅವರ ಜಾಗಕ್ಕೆ ಬಂದ ಹೆರಾಲ್ಡ್ ವಿಲ್ಸನ್ ಮರುವರ್ಷದ ಅಕ್ಟೋಬರಿನಲ್ಲಿ ಪ್ರಧಾನಿಯಾದರು. ಅದೇ ಪಕ್ಷದ ಜಾನ್ ಸ್ಮಿತ್ 1994ರ ಮೇ 12ರಂದು ಹೃದಯಾಘಾತದಿಂದ 55ನೆಯ ವಯಸ್ಸಿಗೆ ಹೋದರು. ಅವರ ಜಾಗಕ್ಕೆ ಬಂದ ಟೋನಿ ಬ್ಲೇರ್ ಮೂರು ವರ್ಷಗಳಲ್ಲಿ ಪ್ರಧಾನಿಯಾದರು. ಆ ಇಬ್ಬರೂ ಬದುಕಿ ಗೆದ್ದಿದ್ದರೆ ಪ್ರಧಾನಿಗಳ ಸಾಲಿಗೆ ಸೇರುತ್ತಿದ್ದರು. ಬೇಗ ಸತ್ತದ್ದರಿಂದಲೇ ಅವರು ಸರಾಸರಿಯಿಂದ ಹೊರಗೆ ಉಳಿದರು. ನಾನು ನೋಡುವ ಪಿಂಚಣಿ ನಿಧಿಗಳಲ್ಲಿಯೂ ಹೀಗೆಯೇ: ಸೇವೆಯಲ್ಲಿದ್ದಾಗಲೇ ತೀರಿಕೊಂಡ ನೌಕರ ಪಿಂಚಣಿದಾರರ ಪುಸ್ತಕಕ್ಕೆ ಬರುವುದೇ ಇಲ್ಲ.

ಹಾಗಾದರೆ ಸರಿಯಾಗಿ ಎಣಿಸಿದಾಗ ಏನು ಕಾಣುತ್ತದೆ? 1902ರ ಬಾಲ್‌ಫರ್ ಅವರಿಂದ 1979ರ ಮಾರ್ಗರೆಟ್ ಥ್ಯಾಚರ್ ಅವರವರೆಗೆ ಮೊದಲ ಸಲ ಪ್ರಧಾನಿಯಾದವರು 17 ಮಂದಿ, ಎಲ್ಲರೂ ತೀರಿಕೊಂಡವರು. 1940ರ ಮೇ ತಿಂಗಳಲ್ಲಿ ಚರ್ಚಿಲ್ ಬರುವ ತನಕ ಎಂಟು ಮಂದಿ, ಚರ್ಚಿಲ್ ಸೇರಿ ಆಮೇಲೆ ಒಂಬತ್ತು ಮಂದಿ. ಮೊದಲ ಗುಂಪು ಅಧಿಕಾರಕ್ಕೆ ಬಂದ ಸರಾಸರಿ ವಯಸ್ಸು 59, ಎರಡನೆಯದು 58. ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿಂದ ಮುಂದೆ ಮೊದಲ ಗುಂಪಿನವರು ಬದುಕಿದ್ದು ಸರಾಸರಿ 15 ವರ್ಷ, ಎರಡನೆಯ ಗುಂಪಿನವರು 29 ವರ್ಷ. ಎರಡನೆಯ ಗುಂಪಿನಲ್ಲಿ 79ಕ್ಕಿಂತ ಮೊದಲು ಸತ್ತವರು ಒಬ್ಬರೂ ಇಲ್ಲ. ಮ್ಯಾಕ್‌ಮಿಲನ್, ಡಗ್ಲಾಸ್ ಹ್ಯೂಮ್, ಕ್ಯಾಲಹನ್ ಮೂವರೂ 92 ತುಂಬಿಸಿದರು. 1960ರ ಸುಮಾರಿಗೆ ಇಂಗ್ಲೆಂಡಿನ 60 ವರ್ಷದ ಸಾಮಾನ್ಯ ಪುರುಷನಿಗೆ ಮುಂದೆ ಉಳಿದಿದ್ದ ನಿರೀಕ್ಷಿತ ಆಯುಷ್ಯ ಸುಮಾರು 15 ವರ್ಷವಾಗಿತ್ತೆಂಬುದನ್ನು ನೆನೆದರೆ, ಎರಡನೆಯ ಗುಂಪಿನ ಆಯುಸ್ಸು ನ್ಯಾಯವಾದ ಹೋಲಿಕೆಯಲ್ಲಿಯೂ ದೊಡ್ಡದೇ.

ಆದರೂ ಇದರ ಕೀರ್ತಿಯನ್ನು ಪ್ರಧಾನಿಗಳ ಅಧಿಕೃತ ನಿವಾಸವಿರುವ ಲಂಡನ್ನಿನ ಡೌನಿಂಗ್ ಸ್ಟ್ರೀಟಿಗೆ ಕೊಡಲು ನನಗೆ ಮನಸ್ಸಿಲ್ಲ. ಮೊದಲ ಗುಂಪಿನ 15 ವರ್ಷವನ್ನು ಬಿಡಿಸಿ ನೋಡಿದರೆ ಮೂವರು ಅದನ್ನು ಕೆಳಕ್ಕೆ ಎಳೆದಿದ್ದಾರೆ. ಕ್ಯಾಂಪ್‌ಬೆಲ್ ಬ್ಯಾನರ್‌ಮನ್ 69ಕ್ಕೆ ಬಂದು, 1908ರ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟ ಮೇಲೂ ಮನೆ ಬಿಡಲಾಗದಷ್ಟು ಅಸ್ವಸ್ಥರಾಗಿ, ಅದೇ ತಿಂಗಳು 10ನೆಯ ನಂಬರಿನ ಮನೆಯಲ್ಲೇ ತೀರಿಕೊಂಡರು. ಆ ಮನೆಯಲ್ಲಿ ಸತ್ತ ಪ್ರಧಾನಿ ಅವರೊಬ್ಬರೇ. ಅನಾರೋಗ್ಯದ ಕಾರಣ ಒಮ್ಮೆ ಪಕ್ಷದ ನಾಯಕತ್ವ ಬಿಟ್ಟಿದ್ದ ಬೋನರ್ ಲಾ 1922ರ ಅಕ್ಟೋಬರಿನಲ್ಲಿ ಪ್ರಧಾನಿಯಾಗಿ, ಮರುವರ್ಷ ಅದೇ ತಿಂಗಳಲ್ಲಿ ಗಂಟಲಿನ ಕ್ಯಾನ್ಸರಿನಿಂದ ಹೋದರು. ನೆವಿಲ್ ಚೇಂಬರ್ಲೇನ್ 68ಕ್ಕೆ ಬಂದು, ಅಧಿಕಾರ ಬಿಟ್ಟ ಆರು ತಿಂಗಳಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಈ ಮೂವರನ್ನು ತೆಗೆದರೆ ಉಳಿದ ಐವರ ಸರಾಸರಿ ಸುಮಾರು 23 ವರ್ಷಕ್ಕೆ ಏರುತ್ತದೆ. ಎಂಟು ಜನರ ಗುಂಪಿನಲ್ಲಿ ಮೂವರ ಕಾಯಿಲೆ ಇಡೀ ಚಿತ್ರವನ್ನೇ ಬದಲಿಸುತ್ತದೆ ಎಂದಾಗ, ಅಷ್ಟು ಚಿಕ್ಕ ಗುಂಪಿನಿಂದ ದೊಡ್ಡ ಮಾತು ಆಡಬಾರದು. ಜೊತೆಗೆ ಕಾಲವೂ ಬದಲಾಗಿತ್ತು. ಪ್ರತಿಜೀವಕ ಔಷಧಗಳು ಬಂದವು, ಶಸ್ತ್ರಚಿಕಿತ್ಸೆ ಸುಧಾರಿಸಿತು, 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. 1953ರ ಜೂನಿನಲ್ಲಿ ಪ್ರಧಾನಿಯಾಗಿದ್ದಾಗಲೇ ಪಾರ್ಶ್ವವಾಯು ಬಡಿದ ಚರ್ಚಿಲ್ ಆಮೇಲೆ ಹನ್ನೊಂದು ವರ್ಷಕ್ಕೂ ಹೆಚ್ಚು ಬದುಕಿ 90 ಮುಟ್ಟಿದರು. ಅದೇ ವರ್ಷ ಪಿತ್ತನಾಳದ ಶಸ್ತ್ರಚಿಕಿತ್ಸೆ ಕೆಟ್ಟು ಜೀವನಪೂರ್ತಿ ನರಳಿದ ಈಡನ್ ಕೂಡ 79 ವರ್ಷ ಬಾಳಿದರು. ಸಿರಿವಂತಿಕೆ, ಶಿಕ್ಷಣಗಳಿಂದ ಬರುವ ಆರೋಗ್ಯದ ಪಾಲನ್ನೂ ಬೇರ್ಪಡಿಸಿ ನೋಡಬೇಕು. ಹಾಗಿದ್ದರೂ ಎಲ್ಲರಿಗಿಂತ ಹೆಚ್ಚು ಬದುಕಿದ ಕ್ಯಾಲಹನ್ ನಾವಿಕನ ಮಗ; ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರು.

ಇನ್ನು ಲೆಕ್ಕಾಧಿಕಾರಿಯವರ ರಿಜಿಸ್ಟರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಅವರಿಗೆ ನಾನು ಹಾಳೆಯ ಮೇಲೆ ಬೆರಳಿಟ್ಟು ಹೇಳಿದ್ದು ಇದು: ನೀವು 1923ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. 1902ರಿಂದ ಅಂದಿನವರೆಗೆ ಹೊಸದಾಗಿ ಪ್ರಧಾನಿಯಾದವರು ಆರು ಮಂದಿ. ಅವರಲ್ಲಿ ಸತ್ತವರು ಇಬ್ಬರೇ, 71ಕ್ಕೆ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ ಮತ್ತು 65ಕ್ಕೆ ಬೋನರ್ ಲಾ. ನಿಮ್ಮ ರೀತಿಯಲ್ಲಿ ಸರಾಸರಿ ತೆಗೆದರೆ 68 ಬರುತ್ತದೆ. ಆ ದಿನ ಬಾಲ್‌ಫರ್‌ಗೆ 75, ಆಸ್ಕ್ವಿತ್‌ಗೆ 71, ಲಾಯ್ಡ್ ಜಾರ್ಜ್‌ಗೆ 60, ಬಾಲ್ಡ್‌ವಿನ್‌ಗೆ 56. ನೀವು ಹೇಳುವ ಸರಾಸರಿಯನ್ನು ಇಬ್ಬರು ಆಗಲೇ ದಾಟಿ ಕುಳಿತಿದ್ದಾರೆ, ಆದರೆ ಅವರ ಹೆಸರು ನಿಮ್ಮ ಪುಸ್ತಕದಲ್ಲಿಲ್ಲ. ಆ ನಾಲ್ವರು ಮುಂದೆ ಕ್ರಮವಾಗಿ 81, 75, 82, 80 ವರ್ಷ ಬದುಕಿದರು. ಆರೂ ಜನರ ಲೆಕ್ಕ ಮುಗಿದಾಗ ಬಂದ ಸರಾಸರಿ 75ಕ್ಕೂ ಹೆಚ್ಚು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಬೇಗ ಹೋದವರಷ್ಟೇ ಮೊದಲು ಪುಸ್ತಕಕ್ಕೆ ಬರುತ್ತಾರೆ” ಎಂದರು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಅವರ ಸಂಸ್ಥೆಯಲ್ಲಿ ಪಿಂಚಣಿ ಶುರುವಾಗಿ ಬಹಳ ಕಾಲವಾಗಿರಲಿಲ್ಲ. ಅರವತ್ತಕ್ಕೆ ನಿವೃತ್ತರಾದವರಲ್ಲಿ ಅತಿ ಹಿರಿಯರಿಗೇ ಎಂಬತ್ತರ ಆಸುಪಾಸು. ಅಂಥ ಕಡೆ ತೊಂಬತ್ತಕ್ಕೆ ಸತ್ತ ಪಿಂಚಣಿದಾರ ಸಿಗುವುದು ಸಾಧ್ಯವೇ ಇಲ್ಲ. ಹಾಗೆಂದು ಎಪ್ಪತ್ತಕ್ಕೆ ಲೆಕ್ಕ ಮುಗಿಸಿ ನಿಧಿ ಕಟ್ಟಿದರೆ, ಎಂಬತ್ತೈದನೆಯ ವಯಸ್ಸಿನಲ್ಲಿ ಬೇರಾವ ಆದಾಯವೂ ಇಲ್ಲದ ಮುದುಕರು ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಈ ವೃತ್ತಿಯಲ್ಲಿ ನನ್ನನ್ನು ನಿದ್ದೆಗೆಡಿಸುವ ಯೋಚನೆ ಅದೊಂದೇ.

ಬ್ರಿಟನ್ನಿನ ಪಟ್ಟಿಯ ಕೊನೆಯ ಭಾಗವೂ ಈಗ ಅದೇ ಸ್ಥಿತಿಯಲ್ಲಿದೆ. 1990ರಲ್ಲಿ ಬಂದ ಜಾನ್ ಮೇಜರ್ ಅವರಿಂದ 2024ರ ಜುಲೈನಲ್ಲಿ ಬಂದ ಕಿಯರ್ ಸ್ಟಾರ್ಮರ್ ಅವರವರೆಗೆ ಒಂಬತ್ತು ಹೆಸರುಗಳ ಮುಂದೆ ನನ್ನ ಹಾಳೆಯ ಕೊನೆಯ ಕಾಲಂ ಖಾಲಿ. ಇವರು ಅಧಿಕಾರಕ್ಕೆ ಬಂದ ಸರಾಸರಿ ವಯಸ್ಸು 50. ಚರ್ಚಿಲ್‌ನಿಂದ ಥ್ಯಾಚರ್‌ವರೆಗಿನವರಿಗಿಂತ ಎಂಟು ವರ್ಷ ಕಡಿಮೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪತಿಯಾದ್ದರಿಂದ ನಮ್ಮವರೆಲ್ಲ ಕರ್ನಾಟಕದ ಅಳಿಯನೆಂದು ಸಂಭ್ರಮಿಸಿದ ರಿಷಿ ಸುನಕ್ 2022ರ ಅಕ್ಟೋಬರಿನಲ್ಲಿ ಪ್ರಧಾನಿಯಾದಾಗ ಅವರಿಗೆ 42. 1812ರಲ್ಲಿ, ಅದೇ 42ನೆಯ ವಯಸ್ಸಿನಲ್ಲಿ ಬಂದ ಲಾರ್ಡ್ ಲಿವರ್‌ಪೂಲ್‌ನ ಬಳಿಕ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಆ ಸ್ಥಾನಕ್ಕೆ ಬಂದಿರಲಿಲ್ಲ. ಇಂಥವರು ಮುಂದೆ ನಲವತ್ತು ವರ್ಷ ಬದುಕಿದರೆ, ಹಿಂದಿನವರ 29 ವರ್ಷಕ್ಕಿಂತ ಹನ್ನೊಂದು ವರ್ಷ ಹೆಚ್ಚೆಂದು ಬೆರಗಾಗುವ ಮೊದಲು, ಅವರು ಎಷ್ಟು ಎಳೆಯ ವಯಸ್ಸಿನಲ್ಲಿ ಒಳಗೆ ಬಂದರು ಎಂಬುದನ್ನು ಕಳೆದು ನೋಡಬೇಕು.

ಲೆಕ್ಕಾಧಿಕಾರಿ ಹೊರಡುವ ಮುನ್ನ ನಾನು ಕ್ಯಾಲಹನ್ ಅವರ ಸಾಲನ್ನು ಮತ್ತೊಮ್ಮೆ ತೋರಿಸಿದೆ. 1938ರಲ್ಲಿ ಮದುವೆಯಾದ ಪತ್ನಿ ಆಡ್ರಿ 2005ರ ಮಾರ್ಚ್ 15ರಂದು ತೀರಿಕೊಂಡರು. ಹನ್ನೊಂದು ದಿನಗಳಲ್ಲಿ ಅವರೂ ಹೊರಟರು. ಸಂಗಾತಿ ಹೋದ ಮೊದಲ ತಿಂಗಳುಗಳಲ್ಲಿ ಉಳಿದವರ ಮರಣದ ಸಂಭವ ಹೆಚ್ಚುವುದನ್ನು ನಮ್ಮ ವೃತ್ತಿಯವರು ಬಲ್ಲರು. ಆದರೆ ಕುಟುಂಬ ಪಿಂಚಣಿಯ ಲೆಕ್ಕದಲ್ಲಿ ಇದಕ್ಕಿಂತ ಬಹಳ ಸಾಮಾನ್ಯವಾದದ್ದು ಗಂಡ ಹೋದ ಮೇಲೆ ಹೆಂಡತಿ ಹತ್ತು, ಹದಿನೈದು ವರ್ಷ ಬದುಕುವುದು. ಹೀಗಾಗಿ ಬದುಕಿರುವ ಪಿಂಚಣಿದಾರರ ಪಟ್ಟಿಯ ಜೊತೆಗೆ ಅವರ ಗಂಡ ಅಥವಾ ಹೆಂಡತಿಯ ಜನ್ಮದಿನಾಂಕವನ್ನೂ ಕಳುಹಿಸಿ ಎಂದು ಕೇಳಿಕೊಂಡೆ. ಎರಡು ವಾರದ ಬಳಿಕ ಪಟ್ಟಿ ಬಂತು. ಅದರ ಅರ್ಧಕ್ಕೂ ಹೆಚ್ಚು ಸಾಲುಗಳಲ್ಲಿ ಹೆಂಡತಿಯ ಜನ್ಮದಿನಾಂಕದ ಜಾಗದಲ್ಲಿ ಅಡ್ಡಗೆರೆ ಎಳೆದಿತ್ತು. ಈಗ ಅವರ ಕಚೇರಿಯ ಇಬ್ಬರು ಗುಮಾಸ್ತರು ಮನೆಮನೆಗೆ ಫೋನ್ ಮಾಡಿ ಆ ದಿನಾಂಕಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದಾರೆ.