ಹರಿಯುವ ನೀರಿಗೆ ಕ್ವಾಂಟಮ್ ಲೆಕ್ಕ

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪುಗಳಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರು ಚೆನ್ನಾಗಿದೆಯಾ ಅಂತ ನಾವು ಸಾಕಷ್ಟು ಚರ್ಚೆ ಮಾಡಿದ್ದೇವೆ. ಪೈಪಿನೊಳಗೆ ಅದು ಹೇಗೆ ಸುಳಿಸುಳಿಯಾಗಿ ಹರಿಯುತ್ತದೆ ಅನ್ನುವುದು ವಿಜ್ಞಾನಕ್ಕೆ ಇವತ್ತಿಗೂ ಪೂರ್ತಿ ಬಗೆಹರಿಯದ ಪ್ರಶ್ನೆ. ಅದನ್ನು ಕ್ವಾಂಟಮ್ ಕಂಪ್ಯೂಟರಿಗೆ ಒಪ್ಪಿಸಲು ಹೊರಟವರಲ್ಲಿ ಕೋಲಾರದಲ್ಲೇ ಹುಟ್ಟಿದ ವಿಜ್ಞಾನಿ ಕೆ.ಆರ್. ಶ್ರೀನಿವಾಸನ್ ಒಬ್ಬರು. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ನೀರು, ಗಾಳಿ ಹರಿಯುವ ಬಗೆಯನ್ನು ಹೇಳುವ ಸಮೀಕರಣವೇನೋ ಹಳೆಯದು. 1822ರಲ್ಲಿ ನೇವಿಯರ್, 1845ರಲ್ಲಿ ಸ್ಟೋಕ್ಸ್ ಬರೆದಿಟ್ಟರು. ಬಿಡಿಸುವುದೇ ಕಷ್ಟ. ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ, ಅವೂ ಒಡೆಯುತ್ತವೆ. ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹರಿವಿನ ಬಿರುಸನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ 10 ಪಟ್ಟು ಏರಿದರೆ, ಲೆಕ್ಕ ಹಾಕಬೇಕಾದ ಬಿಂದುಗಳು ಸುಮಾರು 180 ಪಟ್ಟು ಏರುತ್ತವೆ! ಹವಾಮಾನವೂ ಗಾಳಿಯ ಹರಿವೇ ತಾನೆ? 1950ರಲ್ಲಿ ಎನಿಯಾಕ್ ಎಂಬ ಆರಂಭದ ಕಾಲದ ಕಂಪ್ಯೂಟರ್ 24 ಗಂಟೆಯ ಹವಾಮಾನ ಹೇಳಲು ಹೆಚ್ಚುಕಡಿಮೆ 24 ಗಂಟೆಯನ್ನೇ ತೆಗೆದುಕೊಂಡಿತ್ತು. ಇವತ್ತಿನ ಸೂಪರ್ ಕಂಪ್ಯೂಟರುಗಳೂ ವಿಮಾನದ ಸುತ್ತಲಿನ ಗಾಳಿಯ ಪ್ರತಿ ಸುಳಿಯನ್ನೂ ಹಿಡಿಯಲಾರವು.

ಕ್ವಾಂಟಮ್ ಆಸೆ ಹುಟ್ಟಿದ್ದು ಇಲ್ಲಿ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಘಟಕಕ್ಕೆ ಕ್ಯೂಬಿಟ್ ಅಂತ ಹೆಸರು. 30 ಕ್ಯೂಬಿಟ್‌ಗಳ ಸ್ಥಿತಿಯಲ್ಲಿ 100 ಕೋಟಿಗೂ ಜಾಸ್ತಿ ಸಂಖ್ಯೆಗಳನ್ನು ಅಡಗಿಸಬಹುದು. 2009ರಲ್ಲಿ ಹ್ಯಾರೋ, ಹಸಿದಿಮ್ ಮತ್ತು ಲಾಯ್ಡ್ ಸರಳರೇಖೀಯ (ಗೊತ್ತಿಲ್ಲದ ಸಂಖ್ಯೆಗಳು ಒಂದನ್ನೊಂದು ಗುಣಿಸದ) ಸಮೀಕರಣಗಳನ್ನು ಬಿಡಿಸುವ ಕ್ವಾಂಟಮ್ ವಿಧಾನ ಕೊಟ್ಟರು. ಆದರೆ ನೀರಿನ ಸಮೀಕರಣ ಸರಳರೇಖೀಯ ಅಲ್ವಲ್ಲ! ಅಲ್ಲಿ ವೇಗವೇ ವೇಗವನ್ನು ಬದಲಿಸುತ್ತದೆ. ಇದಕ್ಕೆ ಗಣಿತಜ್ಞ ಕಾರ್ಲ್‌ಮನ್ 1932ರಲ್ಲಿ ತೋರಿಸಿದ ಉಪಾಯವನ್ನು ಸಂಶೋಧಕರು ಮತ್ತೆ ಕೈಗೆತ್ತಿಕೊಂಡರು: ಒಂದು ವಕ್ರ ಸಮೀಕರಣದ ಬದಲು ಸರಳವಾದ ಸಮೀಕರಣಗಳ ಉದ್ದ ಸಾಲು. ಇದು ಕೆಲಸ ಮಾಡುತ್ತದೆ ಅಂತ 2021ರಲ್ಲಿ ಸಾಧಿಸಿ ತೋರಿಸಿದ್ದು ಸೌಮ್ಯ ಹರಿವಿನಂಥ ಸಂದರ್ಭಗಳಿಗೆ ಮಾತ್ರ. ಸುಳಿ ಬಿರುಸಾದರೆ ಆ ಖಾತ್ರಿ ಇಲ್ಲ.

2023ರಲ್ಲಿ ಸಚಿನ್ ಭಾರದ್ವಾಜ್ ಮತ್ತು ಶ್ರೀನಿವಾಸನ್ ಒಂದು ಪ್ರಬಂಧದಲ್ಲಿ ಎರಡು ಸರಳ ಹರಿವುಗಳನ್ನು ಲೆಕ್ಕ ಹಾಕಿದರು. ಒಂದು, ಒತ್ತಡದಿಂದ ಸಾಗುವ ಪ್ವಾಸಾಯ್ ಹರಿವು. ಇನ್ನೊಂದು, ಗೋಡೆ ಸರಿದಾಗ ಹುಟ್ಟುವ ಕುಯೆಟ್ ಹರಿವು. ಅದೂ ನಿಜವಾದ ಕ್ವಾಂಟಮ್ ಯಂತ್ರದಲ್ಲಲ್ಲ, ಮಾಮೂಲಿ ಕಂಪ್ಯೂಟರಿನಲ್ಲಿ ಅದನ್ನು ಅನುಕರಿಸುವ ತಂತ್ರಾಂಶದಲ್ಲಿ. ಇವೆರಡರ ಉತ್ತರ ಕಾಗದದ ಮೇಲೇ ಸಿಗುತ್ತದೆ. ಹಾಗಂತ ಸಣ್ಣ ಕೆಲಸ ಅನ್ನಬೇಡಿ. ಗೊತ್ತಿರುವ ಉತ್ತರದ ಜೊತೆ ತಾಳೆ ನೋಡದೆ ಹೊಸ ವಿಧಾನವನ್ನು ನಂಬುವುದು ಹೇಗೆ?

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದೇ ಪ್ರಬಂಧದ ಇನ್ನೊಂದು ಭಾಗ. ಕ್ಯೂಬಿಟ್‌ಗಳಲ್ಲಿ ಅಡಗಿದ 100 ಕೋಟಿ ಸಂಖ್ಯೆಗಳನ್ನು ಒಂದೇ ಸಲ ಓದಲು ಆಗುವುದಿಲ್ಲ. ಎಲ್ಲವನ್ನೂ ತೆಗೆಯಲು ಕೂತರೆ ಉಳಿಸಿದ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಅದಕ್ಕೆ ಅವರು ಪ್ರತಿ ಬಿಂದುವಿನ ವೇಗ ಕೇಳದೆ, ಹರಿವಿನಲ್ಲಿ ಶಕ್ತಿ ಎಷ್ಟು ಬೇಗ ಶಾಖವಾಗಿ ಕರಗುತ್ತದೆ ಅನ್ನುವ ಲೆಕ್ಕವನ್ನು ಕ್ವಾಂಟಮ್ ಸರ್ಕ್ಯೂಟಿನೊಳಗೇ ಮಾಡಿಸುವ ದಾರಿ ಕೊಟ್ಟರು.