ಕಡಲ ವಾಸನೆಯಿಂದ ಮೋಡದವರೆಗೆ

ಮುಸುಕಿನ ಜೋಳ ಬೇಯುವಾಗ ಪಾತ್ರೆಯ ಮುಚ್ಚಳ ತೆಗೆದರೆ ಘಮ್ಮೆಂದು ಒಂದು ವಾಸನೆ ಏಳುತ್ತದೆ, ಅಲ್ವಾ? ಆ ಘಮದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಇರುತ್ತದೆ. ಚಿಕ್ಕದಾಗಿ ಡಿಎಂಎಸ್. ಕಡಲ ಗಾಳಿಯ ವಾಸನೆಯಲ್ಲೂ ಇದರ ಪಾಲಿದೆ.

1970ರ ಹೊತ್ತಿಗೆ ವಿಜ್ಞಾನಿಗಳಿಗೆ ಗಂಧಕದ ಲೆಕ್ಕ ತಾಳೆಯಾಗುತ್ತಿರಲಿಲ್ಲ. ನದಿಗಳು ಅದನ್ನು ಸಮುದ್ರಕ್ಕೆ ಸುರಿಯುತ್ತಲೇ ಇರುತ್ತವೆ. ಮತ್ತೆ ನೆಲಕ್ಕೆ ಬರುವುದು ಹೇಗೆ? ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಆಗಿ ಬರುತ್ತದೆ ಎಂದುಕೊಂಡಿದ್ದರು. ಆದರೆ ಆಮ್ಲಜನಕವಿರುವ ನೀರಿನಲ್ಲಿ ಅದು ಜಾಸ್ತಿ ಹೊತ್ತು ಉಳಿಯುವುದಿಲ್ಲ. 1971-72ರಲ್ಲಿ ಬ್ರಿಟನ್‌ನಿಂದ ಅಂಟಾರ್ಕ್ಟಿಕಾ ಕಡೆಗೆ ಹೊರಟ ಶ್ಯಾಕಲ್ಟನ್ ಹಡಗಿನ ಯಾನದಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ತೆಗೆದ ಅಳತೆಗಳು ಕಡಲ ನೀರಿನಲ್ಲಿ ಡಿಎಂಎಸ್ ಇರುವುದನ್ನು ತೋರಿಸಿದವು. ಕಾಣೆಯಾದ ಕೊಂಡಿ ಸಿಕ್ಕಿತ್ತು.

ಇದರ ಮೂಲ ಕಣ್ಣಿಗೆ ಕಾಣದ ಪಾಚಿಗಳು. ಅವು ಮೈಯೊಳಗೆ ಗಂಧಕದ ಒಂದು ವಸ್ತುವನ್ನು ಕೂಡಿಡುತ್ತವೆ. ಪಾಚಿ ಸತ್ತಾಗ, ಅಥವಾ ಪುಟ್ಟ ಜೀವಿಗಳು ಅದನ್ನು ತಿಂದಾಗ, ಆ ವಸ್ತು ಹೊರಬಿದ್ದು ಒಡೆದು ಡಿಎಂಎಸ್ ಆಗುತ್ತದೆ. ಬಹುಪಾಲನ್ನು ನೀರಿನಲ್ಲೇ ಬ್ಯಾಕ್ಟೀರಿಯಾಗಳು ಮುಗಿಸಿಬಿಡುತ್ತವೆ. ಉಳಿದದ್ದಷ್ಟೇ ಗಾಳಿಗೇರುತ್ತದೆ. ಆ ಚೂರೇ ವರ್ಷಕ್ಕೆ 2ರಿಂದ 3 ಕೋಟಿ ಟನ್ ಗಂಧಕ ಎಂಬ ಅಂದಾಜಿದೆ!

ಗಾಳಿಯಲ್ಲಿ ಅದರ ಆಯಸ್ಸು ಒಂದೆರಡು ದಿನ. ಮುಂದೆ ಸಲ್ಫರ್ ಡೈಆಕ್ಸೈಡ್, ನಂತರ ಸಲ್ಫ್ಯೂರಿಕ್ ಆಮ್ಲ, ಕೊನೆಗೆ ಸಣ್ಣ ಕಣಗಳು. ನೀರಾವಿಗೆ ಹನಿಯಾಗಲು ಇಂಥ ಒಂದು ಕಣ ಬೇಕು. ಕಣ ಹೆಚ್ಚಿದರೆ ಹನಿಗಳು ಚಿಕ್ಕದಾಗಿ, ಹೆಚ್ಚಾಗಿ, ಮೋಡ ಬೆಳ್ಳಗೆ ಹೊಳೆಯುತ್ತದೆ. ಬಿಸಿಲು ವಾಪಸ್ ಹೋಗುತ್ತದೆ.

1987ರಲ್ಲಿ ಚಾರ್ಲ್‌ಸನ್, ಲವ್‌ಲಾಕ್, ಆಂಡ್ರಿಯೇ, ವಾರನ್ ಎಂಬ ನಾಲ್ವರು ವಿಜ್ಞಾನಿಗಳು ಒಂದು ಹೆಜ್ಜೆ ಮುಂದೆ ಹೋದರು. ಕಡಲು ಬಿಸಿಯಾದರೆ ಪಾಚಿಗಳೇ ಡಿಎಂಎಸ್ ಹೆಚ್ಚಿಸಿ, ಮೋಡ ಕಟ್ಟಿಸಿ, ಭೂಮಿಯನ್ನು ತಂಪಾಗಿಸಬಹುದು ಎಂದರು. ಎಷ್ಟು ಚೆಂದದ ಯೋಚನೆ! ಎಷ್ಟೋ ಜನ ಅದರ ಬೆನ್ನು ಹತ್ತಿದರು. 1991ರಲ್ಲಿ ಟ್ಯಾಸ್ಮೇನಿಯಾದ ಕೇಪ್ ಗ್ರಿಮ್‌ನ ಅಳತೆಗಳಲ್ಲಿ ಡಿಎಂಎಸ್‌ನಿಂದ ಹುಟ್ಟುವ ಆಮ್ಲವೂ ಮೋಡದ ಕಣಗಳೂ ಬೇಸಿಗೆಯಲ್ಲಿ ಜೊತೆಜೊತೆಗೇ ಏರುವುದು ಕಂಡಿತು.

ಆದರೆ 2011ರಲ್ಲಿ ಕ್ವಿನ್ ಮತ್ತು ಬೇಟ್ಸ್ ಎಂಬ ವಿಜ್ಞಾನಿಗಳು ಆಕ್ಷೇಪ ಎತ್ತಿದರು. ಅಲೆಯ ಗುಳ್ಳೆಗಳು ಒಡೆದಾಗ ಏರುವ ಉಪ್ಪು, ಜೈವಿಕ ಪುಡಿಯೂ ಮೋಡ ಕಟ್ಟುತ್ತವೆ. ಪಾಚಿಯೊಂದೇ ಹವಾಮಾನದ ಚುಕ್ಕಾಣಿ ಹಿಡಿದಿದೆ ಎನ್ನಲಾಗದು. ನನಗೂ ಅದು ಸರಿ ಅನಿಸುತ್ತದೆ. ಹಾಗಂತ ಡಿಎಂಎಸ್ ಬದಿಗೆ ಸರಿಯಲಿಲ್ಲ. ಡಿಎಂಎಸ್ ಒಡೆಯುವ ದಾರಿಯಲ್ಲಿ ಹುಟ್ಟುವ, ಅದುವರೆಗೆ ಯಾರೂ ಗಾಳಿಯಲ್ಲಿ ನೋಡಿರದ ಒಂದು ಗಂಧಕದ ಅಣುವನ್ನು ನಾಸಾ ವಿಮಾನ ಹಿಡಿಯಿತೆಂದು 2020ರಲ್ಲಿ ಪ್ರಕಟವಾಯಿತು. ಅದು ಮೋಡದ ಹನಿಯಲ್ಲಿ ಕರಗುತ್ತದೆ, ಹಾಗಾಗಿ ಹೊಸ ಕಣಗಳ ಲೆಕ್ಕವೇ ಬದಲಾಗುತ್ತದೆ.

ಕಲ್ಲಿದ್ದಲು, ಹಡಗುಗಳ ಗಂಧಕದ ಹೊಗೆ ಕಡಿಮೆಯಾದಷ್ಟೂ ಕಡಲಿನ ಪಾಲು ದೊಡ್ಡದಾಗಿ ಕಾಣುತ್ತದೆ. ನಮ್ಮ ಹೊಗೆ ಮೋಡವನ್ನು ಎಷ್ಟು ಬದಲಿಸಿತು ಎಂದು ಹೇಳಬೇಕಾದರೆ, ಹೊಗೆ ಇಲ್ಲದಾಗ ಪಾಚಿಗಳು ಎಷ್ಟು ಕಟ್ಟುತ್ತಿದ್ದವು ಎಂಬುದು ಮೊದಲು ಗೊತ್ತಿರಬೇಕು.